ದೀಪ ಆರುವ ತನಕ

ಮನೆಯ ದೀಪ ಎಣ್ಣೆ ತೀರಿದರೆ ಆರುತ್ತದೆ.
ನನ್ನ ಓಪೆಲ್ ಕಾರಿನದು ಉಲ್ಟಾ:
ಎಣ್ಣೆ ಸೋತಾಗಲೇ ಹತ್ತುತ್ತದೆ,
ಮೀಟರಿನ ಮೂಲೆಯಲ್ಲಿ ಕೆಂಪಗೆ ಒಂದು ಪುಟ್ಟ ಗಿಂಡಿ,
ಮೂತಿಯಲ್ಲಿ ಎಂದೂ ಬೀಳದ ಹನಿ.

ಮೊದಲ ಸಲ ಕಂಡದ್ದು ಗ್ಯೂಮ್ರಿಯ ಸಂತೆಯ ತಿರುವಿನಲ್ಲಿ,
ಸಿಗ್ನಲಿಗೆ ನಿಂತಾಗ. ಹೊರಟಾಗ ಇಲ್ಲ.
ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು, ಮಡಿಲಲ್ಲಿ ಉಪ್ಪು ಚೀಸಿನ ಡಬ್ಬಿ,
ಯೆರೆವಾನಿಗೆ ನೂರಿಪ್ಪತ್ತು ಕಿಲೋಮೀಟರು ಬಾಕಿ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುತ್ತಾರಲ್ಲ,
ನಾನು ಎಣ್ಣೆ ಹೋಗುವಾಗ ಮುಚ್ಚಿಕೊಂಡೆ.

ನಾಲ್ಕು ಲಕ್ಷದ ಹನ್ನೆರಡು ಸಾವಿರ ಓಡಿದ ಗಾಡಿ.
ಅದರಲ್ಲಿ ಮೂರು ಲಕ್ಷ ಯಾರೋ ಜರ್ಮನಿಯವನದು,
ಉಳಿದದ್ದು ನನ್ನದು, ನನ್ನ ಸೊಂಟದ್ದು.

ವಾರ್ಪೆತ್ ಮ್ಖಿತಾರನ ಗ್ಯಾರೇಜು ಒಂದು ಕಬ್ಬಿಣದ ಡಬ್ಬ,
ಭೂಕಂಪದ ಮರುವರ್ಷ ಮನೆಯೆಂದು ಕೊಟ್ಟದ್ದು;
ಗೋಡೆಗೆ ಇನ್ನೂ ಹೂವಿನ ಕಾಗದ, ಅದರ ಮೇಲೆ ನೇತುಬಿದ್ದ ಬೆಲ್ಟುಗಳು.
ಬಲಗಿವಿ ಕೇಳದವನು.
ಎಡಗಿವಿಗೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ ಒತ್ತಿ
ತುದಿಯನ್ನು ಇಂಜಿನಿಗೆ ತಾಗಿಸಿ
ತುಂಬ ಹೊತ್ತು ಸುಮ್ಮನಿದ್ದ.
"ಪಂಪು," ಅಂದ. "ಮತ್ತೆ ಸೀಲುಗಳು. ಮತ್ತೆ ನೀನು."
"ನಾನೇನು?"
"ಈ ಸದ್ದು ನಿನಗೆ ಸೆಪ್ಟೆಂಬರಿನಲ್ಲೇ ಕೇಳಿರಬೇಕು."

ಬೆಲ್ಟು ಕಳಚುವ ಮುನ್ನ ಬಿಳಿ ಪೇಂಟಿನ ಗುರುತು,
ಒಂದು ಹಲ್ಲು ತಪ್ಪಿದರೂ ಉಸಿರಿನ ಲೆಕ್ಕ ತಪ್ಪುತ್ತದೆ.
ಕ್ರ್ಯಾಂಕಿನ ಬೋಲ್ಟು ಮಾತ್ರ ಜಗ್ಗಲಿಲ್ಲ.
ಪಾನಕ್ಕೆ ಎರಡು ಮೀಟರಿನ ಪೈಪು ತೊಡಿಸಿ
ನಾನು, ಅವನ ಮಗಳು ನ್ವಾರ್ದ್,
ಚಹಾ ತಂದಿದ್ದ ಬೂಟು ಹೊಲಿಯುವ ರಜ್ಮಿಕ್,
ಮೂವರೂ ಜೋತುಬಿದ್ದೆವು.
ಲಟಕ್ಕೆಂದದ್ದು ಬೋಲ್ಟೋ ನನ್ನ ಬೆನ್ನೋ
ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ.

ಅಡಿಯಲ್ಲಿ ಮಲಗಿ ಟಾರ್ಚು ಹಿಡಿಯುವುದು ನನ್ನ ಕೆಲಸ.
ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದರೆ ಏನೆಂದು
ಅವತ್ತು ಗೊತ್ತಾಯಿತು: ಸಂಪ್ ಇಳಿಸುವಾಗ
ಮೂರು ಹನಿ, ಸೀದಾ ಎಡಗಣ್ಣಿಗೆ.

ಹಳೆಯ ಸೀಲನ್ನು ಕಿತ್ತು ನನ್ನ ಅಂಗೈಗೆ ಹಾಕಿದ.
ರಬ್ಬರಲ್ಲ ಅದು, ಸೀದ ರೊಟ್ಟಿಯ ಅಂಚು;
ಬಗ್ಗಿಸಿದರೆ ಮುರಿಯಿತು.
ಇಪ್ಪತ್ತೆರಡು ವರ್ಷ ತಿರುಗುವ ಕಬ್ಬಿಣಕ್ಕೆ ತುಟಿಯೊತ್ತಿ
ತಾನೂ ಗಟ್ಟಿಯಾಗಿತ್ತು, ಶಾಫ್ಟಿನ ಮೇಲೆ
ಉಗುರಿಗಷ್ಟೇ ಸಿಗುವ ಒಂದು ಗೆರೆ ಕೊರೆದಿತ್ತು.
ಹೊಸದನ್ನು ಆ ಗೆರೆಗೆ ಕೂರಿಸಬಾರದಂತೆ,
ಕೂದಲೆಳೆಯಷ್ಟು ಈಚೆಗೆ.
"ಹಳಬನ ಜಾಗದಲ್ಲೇ ಹೊಸಬನನ್ನು ಕೂರಿಸಿದರೆ
ಹಳಬನ ಹಾಗೇ ಸೋರುತ್ತಾನೆ."

ಆಮೇಲೆ ನ್ವಾರ್ದ್ ಚಾಸಿಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಒರೆಸಿ
ಕರೆದಳು: ಇಲ್ಲಿ ನೋಡಿ.
ಎಣ್ಣೆ ಸೋರಿದ ಬಲಗಡೆಯ ಕಬ್ಬಿಣ ನಿನ್ನೆ ಮಾಡಿದಂತಿತ್ತು.
ಹನಿಯೂ ಸೋಕದ ಎಡಗಡೆಯನ್ನು
ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪು
ಬೆರಳು ತೂರುವಷ್ಟು ತಿಂದಿತ್ತು.
ಮೂರು ವರ್ಷ ನಾನು ಬೈದ ಸೋರಿಕೆ.
ಯಾರೂ ಮಾತಾಡಲಿಲ್ಲ. ರಜ್ಮಿಕ್ ಚಹಾ ಹೀರಿದ.

ಹೊಸ ಪಂಪಿನ ಹಲ್ಲುಗಳ ನಡುವೆ ವ್ಯಾಸಲೀನು ಮೆತ್ತಿದ.
"ಒಣಬಾಯಲ್ಲಿ ಯಾರು ತಾನೆ ಎಳೆಯುತ್ತಾರೆ?"
ಪ್ಲಗ್ಗು ಬಿಚ್ಚಿಟ್ಟು, ಕಿಡಿಯಿಲ್ಲದೆ, ಬರೀ ತಿರುಗಿಸು ಅಂದ.
ಕೀಲಿ ತಿರುಗಿಸಿದೆ. ಗಿಂಡಿ ಕೆಂಪು.
ಎಂಟು, ಒಂಬತ್ತು. ಕೆಂಪು.
ಬ್ಯಾಟರಿಗೆ ಏದುಸಿರು. ನ್ವಾರ್ದ್ ತುಟಿಯೊಳಗೇ ಎಣಿಸುತ್ತಿದ್ದಳು.
ಹದಿನಾಲ್ಕಕ್ಕೆ
ದೀಪ ಆರಿತು.

ದೀಪ ಆರಿದ್ದಕ್ಕೆ ಮನುಷ್ಯರು ಹಾಗೆ ಕೇಕೆ ಹಾಕಿದ್ದನ್ನು
ನಾನು ಇನ್ನೆಲ್ಲೂ ಕಂಡಿಲ್ಲ.
ಮ್ಖಿತಾರ್ ಮಾತ್ರ ಅಡಿಗೊಂದು ರಟ್ಟು ಹಾಸಿ
ಬೆಳಿಗ್ಗೆ ಬಾ ಅಂದ.

ಬೆಳಿಗ್ಗೆ ಬಲಗಡೆ ಒಣಗಿತ್ತು.
ಆಚೆ ತುದಿಗೆ, ಗೇರುಬಾಕ್ಸಿನ ಕೆಳಗೆ,
ತೊಗರಿಬೇಳೆಯಷ್ಟು ಒಂದು ಹನಿ.
"ಒತ್ತಡ ಏರಿದೆಯಲ್ಲ," ಅಂದ, "ಆ ಕಡೆಯ ಸೀಲಿಗೂ ಸುದ್ದಿ ಮುಟ್ಟಿದೆ.
ಬಿಚ್ಚಲೇ?"

ಬಗ್ಗಿ ನೋಡಿದೆ.
ಎಡಗಡೆ ತಾನೆ, ಇರಲಿ ಬಿಡು ಅಂದೆ.