ಕಾಜುಬಾಗದ ಗೇರು

ಹೆಸರಿಗೆ ಕಾಜುಬಾಗ. ನಮ್ಮ ಓಣಿಯಲ್ಲಿ
ಗೇರುಮರ ಒಂದೂ ಇಲ್ಲ. ಇರುವ ಗೇರೆಲ್ಲ
ನನ್ನ ಅಂಗಡಿಯ ಡಬ್ಬಿಯೊಳಗೆ
ಸೀಮೆಎಣ್ಣೆಯಲ್ಲಿ ನೆನೆಯುತ್ತಿದೆ.

ಪಾವು ಮಾರುವ ಇನಾಸ ಬಂದ,
ನೌಕಾನೆಲೆಯ ಸಾಹೇಬನೊಬ್ಬ ವರ್ಗವಾಗಿ ಹೋಗುವಾಗ
ಕೊಟ್ಟ ಸೈಕಲ್ಲು ತಳ್ಳಿಕೊಂಡು.
ಹಿಂದಿನ ಗಾಲಿಗೆ ಒಂಬತ್ತು ಹಲ್ಲುಚಕ್ರ.
"ಇಷ್ಟೆಲ್ಲ ನನಗ್ಯಾಕೆ ಬಾಯ್?
ಒಂದು ಒತ್ತಿದರೆ ಮೂರು ಹಾರ್ತದೆ.
ಮನೇಲೂ ನಾವು ಒಂಬತ್ತು ಮಕ್ಕಳು,
ಒಬ್ಬರ ಮಾತು ಒಬ್ಬರು ಕೇಳಿದ್ದಿಲ್ಲ."

ಎಲ್ಲೆಲ್ಲಿ ಹೋಗ್ತಿ, ಹೇಳು ಅಂದೆ.
ಕೋಡಿಬಾಗದ ತನಕ ಸಪಾಟು: ಹದಿನಾರು ಹಲ್ಲು.
ಕಾಳಿ ಸೇತುವೆ ಮೇಲೆ ಎದುರುಗಾಳಿ: ಇಪ್ಪತ್ತು.
ಬುಟ್ಟಿ ತುಂಬಿರುವಾಗ ಸದಾಶಿವಗಡದ ಏರು: ಇಪ್ಪತ್ತೆಂಟು.
ಬುಟ್ಟಿ ಖಾಲಿಯಾದ ಮೇಲೆ?
ನಕ್ಕ. ಹದಿಮೂರು ಬರೆದುಕೊಂಡೆ.

ಇಪ್ಪತ್ನಾಲ್ಕು?
"ಬೈತಖೋಲದ ದಿಬ್ಬಕ್ಕೆ ಬೇಕಿತ್ತು.
ಫ್ಲೋರಿನ್‌ಳ ಮನೆ. ದಿನಾ ಎರಡು ಪಾವು.
ಈಗ ಅವರು ಅಲ್ಲಿಲ್ಲ. ಅದು ಬೇಡ."
ಎರಡು ಪಾವಿಗೆ ಆ ದಿಬ್ಬ ಯಾರು ಹತ್ತುತ್ತಾರೆ?
ಕೇಳಲಿಲ್ಲ. ಅರ ಕೈಗೆತ್ತಿಕೊಂಡೆ.

ಮೂರು ರಿವೆಟ್ಟಿನ ತಲೆ ತಿಕ್ಕಿ, ಮೊಳೆಯಿಟ್ಟು ಹೊಡೆದರೆ
ವರ್ಷಗಟ್ಟಲೆ ಅಂಟಿಕೊಂಡಿದ್ದವು
ಹಪ್ಪಳದ ಹಾಗೆ ಬಿಡಿಬಿಡಿ.
ನಡುವೆ ಉಪ್ಪು, ಮರಳು, ಒಂದು ಇರುವೆ.

ನಾಲ್ಕು ಚಕ್ರ ಇಟ್ಟರೆ ಐದರ ಜಾಗ ಉಳಿಯಿತಲ್ಲ,
ಅದನ್ನು ಹಾಗೇ ಬಿಟ್ಟರೆ ಎಲ್ಲ ಸಡಿಲ.
ನೀರಿನ ಪೈಪು ಕೊಯ್ದು ಬಳೆ ಮಾಡಿದೆ,
ಕೂದಲೆಳೆ ದಪ್ಪವಾಯಿತೆಂದು ಎರಡು ಸಲ ಉಜ್ಜಿದೆ.
ಖಾಲಿಗೂ ಅಳತೆ ತಪ್ಪಬಾರದು.
ನಡುವೆ ಇಡುವಂತೆಯೂ ಇಲ್ಲ,
ಚೈನು ಬಿದ್ದು ಸಿಕ್ಕಿಕೊಳ್ಳುತ್ತದೆ.
ಖಾಲಿಯನ್ನೆಲ್ಲ ಒಟ್ಟುಮಾಡಿ ಒಳಗೆ, ಕಡ್ಡಿಗಳ ಪಕ್ಕಕ್ಕೆ.
ಚೈನು ಅತ್ತ ಹೋಗದಂತೆ
ಒಂದು ಸ್ಕ್ರೂ ಬಿಗಿ.

ಇನಾಸ ಓಣಿ ಸುತ್ತಿ ಬಂದ.
ಇಪ್ಪತ್ತರಿಂದ ಇಪ್ಪತ್ತೆಂಟಕ್ಕೆ ಏರುವಾಗ
ಚೈನು ಒಂದು ಗಳಿಗೆ ಅನುಮಾನಿಸಿ
ಧಡ್ಡೆಂದು ಕೂರುತ್ತದೆ.
"ಅದು ಹಾಗೇ. ರಿಪೇರಿ ಇಲ್ಲ" ಅಂದೆ.
"ಇರಲಿ."

ದುಡ್ಡು ನಾಳೆ ಅಂದ. ಬುಟ್ಟಿಯ ಪ್ಲಾಸ್ಟಿಕ್ಕು ಸರಿಸಿ
ತಳದಲ್ಲಿದ್ದದ್ದು ಕೊಟ್ಟ. ಎರಡು ಪಾವು.
"ದಿನಾ ಎರಡು ಉಳೀತದೆ" ಅಂದ,
ಪೋಂ ಪೋಂ ಒತ್ತುತ್ತ ಹೊರಟ,
ಮಾರಲು ಏನೂ ಇಲ್ಲದಿದ್ದರೂ.

ಒಂದನ್ನು ಚಹಾದಲ್ಲಿ ಅದ್ದಿ ತಿಂದೆ.
ಇಪ್ಪತ್ನಾಲ್ಕು ಹಲ್ಲಿನದು ಮೊಳೆಗೆ ತೂಗಿದೆ.
ಕಡಲಗಾಳಿಗೆ ತುಕ್ಕು ಬೇಗ;
ಅದಕ್ಕೂ ಒಂದು ಹನಿ ಎಣ್ಣೆ ಬಿಟ್ಟೆ.