ಕೊಳಾಯಿಯವನ ತಕರಾರು

ಯೊಯೆನ್ಸೂ ಆಸ್ಪತ್ರೆಯ ಮೂರನೇ ಮಹಡಿ.
ಡಾಕ್ಟರಮ್ಮ ಲಿಂತುಲಾ ಹಾಳೆಯ ಮೇಲೊಂದು ಪೈಪು ಬರೆದು
ಒಳಗೆಲ್ಲ ಪೆನ್ಸಿಲಿನ ಕಪ್ಪು ತುಂಬಿ
"ನೋಡಿ ಓಯ್ವಾ, ಹೀಗೆ ಕಟ್ಟಿಕೊಂಡಿತ್ತು" ಅಂದರು.

ಇದನ್ನು ನನಗೆ ಹೇಳುವುದೆ?
ನಲವತ್ತೊಂದು ವರ್ಷ ಪೈಪು ಬಿಚ್ಚಿದವನು ನಾನು.
ಸುಣ್ಣ ಕಟ್ಟಿದ್ದು, ತುಕ್ಕು ತಿಂದದ್ದು,
ಜನವರಿಯ ಮೈನಸ್ ಮೂವತ್ತಕ್ಕೆ ಉದ್ದಕ್ಕೂ ಸೀಳಿದ್ದು,
ಶಾಲೆಯ ಬಚ್ಚಲಲ್ಲಿ ಯಾವುದೋ ಮಗುವಿನ ಕೈಗವಸು ನುಂಗಿದ್ದು.
ಕಟ್ಟುವ ಪೈಪು ಮೊದಲೇ ಹೇಳುತ್ತದೆ ಅಮ್ಮಾ,
ಗೊರಗೊರ ಅನ್ನುತ್ತದೆ, ಧಾರೆ ಸಣ್ಣಗಾಗುತ್ತದೆ,
ಮನೆಯಾಕೆ ಬೈಯುತ್ತ ಫೋನು ಮಾಡುತ್ತಾಳೆ.
ನನ್ನದು ತುಟಿ ಪಿಟಕ್ಕೆನ್ನಲಿಲ್ಲ.

ಮಂಗಳವಾರ. ಅಂಗಳದ ಹಿಮ ಗೋರುತ್ತಿದ್ದೆ.
ಎದೆಯ ಮೇಲೆ ಯಾರೋ ಕೂತರು.
ಯಾರೆಂದು ನೋಡಿದೆ, ನಿಜಕ್ಕೂ ತಲೆ ಬಗ್ಗಿಸಿ ನೋಡಿದೆ.
ದವಡೆ ನೋಯಿತು, ಹಲ್ಲಿರಬೇಕು ಅಂದುಕೊಂಡೆ.
ಎಡಗೈ ಬೇರೆ ಯಾರದೋ ಆಯಿತು.
ಬಾಗಿಲಿಗೆ ಬಂದ ಐಲಾ ಮುಖ ನೋಡಿದವಳೇ
ಏನೂ ಕೇಳದೆ ಆಂಬುಲೆನ್ಸಿಗೆ ಒತ್ತಿದಳು.
ಆ ಬೂದಿ ಬಣ್ಣ ಅವಳಿಗೆ ಗೊತ್ತು.
ಅವಳಪ್ಪ, ನನ್ನಪ್ಪ, ಇಬ್ಬರೂ ಅದೇ ಬಣ್ಣದಲ್ಲಿ ಹೋದವರು.

ಅಪ್ಪ ಎಲ್ಯಾಸ್, ಮರ ಕಡಿಯುವವ, ಗುಂಡುಕಲ್ಲಿನಂಥ ಆಳು.
ರೈ ರೊಟ್ಟಿಯ ಮೇಲೆ ಹಲ್ಲಿನ ಅಚ್ಚು ಬೀಳುವಷ್ಟು ಬೆಣ್ಣೆ,
ಉಪ್ಪು ಹಂದಿಯ ಕೊಬ್ಬಿನಲ್ಲಿ ಮುಳುಗಿದ ಆಲೂಗಡ್ಡೆ,
ಮಳೆಯಲ್ಲೂ ಆರದ ಬೀಡಿಯಷ್ಟು ಗಿಡ್ಡ ಸಿಗರೇಟು.
ದುಡಿದು ಉಂಡದ್ದು ದೇಹಕ್ಕೆ ಅಂಟೀತೆ, ಅನ್ನುತ್ತಿದ್ದ.
ನಲವತ್ನಾಲ್ಕಕ್ಕೆ
ತಾನೇ ಉರುಳಿಸಿದ ಬರ್ಚಿಗೆ ಒರಗಿ ಕೂತಿದ್ದ.
ಫ್ಲಾಸ್ಕಿನ ಕಾಫಿ ಇನ್ನೂ ಬಿಸಿ ಇತ್ತಂತೆ.
ಆ ಕಾಫಿಯನ್ನು ಯಾರು ಕುಡಿದರೋ
ಇವತ್ತಿಗೂ ಕೇಳಲು ಧೈರ್ಯವಿಲ್ಲ.

ಡಾಕ್ಟರಮ್ಮ ರಬ್ಬರು ತೆಗೆದು ಪೈಪನ್ನು ಅಳಿಸಿದರು.
"ನಿಮ್ಮ ತಕರಾರು ಸರಿ. ಕೊಬ್ಬು ಕೂರುವುದು ದಾರಿಯಲ್ಲಲ್ಲ,
ಧಮನಿಯ ಗೋಡೆಯೊಳಗೆ.
ಗೋಡೆ ಮೊದಲು ಹೊರಗೆ ಉಬ್ಬುತ್ತದೆ, ದಾರಿ ಹಾಗೇ ಇರುತ್ತದೆ,
ವರ್ಷಗಟ್ಟಲೆ."

ಹಾಗೆ ಹೇಳಿ ಮತ್ತೆ!
ಬಚ್ಚಲಿನ ಟೈಲ್ಸ್ ಹಿಂದಿನ ತೇವ ಅದು.
ಮೇಲೆ ಥಳಥಳ, ಅತಿಥಿಗಳು ಹೊಗಳಿ ಹೋಗುತ್ತಾರೆ.
ಒಳಗೆ ಗಾರೆ ಮೊಸರಾಗಿರುತ್ತದೆ.
ಒಂದು ದಿನ, ಯಾರೂ ಮುಟ್ಟದೆ, ಒಂದು ಟೈಲು ಸಿಡಿಯುತ್ತದೆ.

"ಸಿಡಿದ ಜಾಗಕ್ಕೆ ರಕ್ತ ಓಡಿಬರುತ್ತದೆ, ಗಾಯ ಅಂದುಕೊಂಡು,
ಹೆಪ್ಪುಗಟ್ಟಿ ಮುಚ್ಚಲು."
ಅಂದರೆ ರಿಪೇರಿಗೆ ಬಂದವರೇ ಬಾಗಿಲಿಗೆ ಅಡ್ಡ ನಿಂತರು.
ಅಂಥ ಕೆಲಸಗಾರರು ನನ್ನ ಹತ್ತಿರವೂ ಇದ್ದರು.

ಮಣಿಕಟ್ಟಿನಿಂದ ತಂತಿ ತೂರಿದರು.
ಪರದೆಯ ಮೇಲೆ ಬಣ್ಣ ಹರಿದಾಗ
ಎಲೆಯುದುರಿದ ಮರವೊಂದು ಮಿಡಿಯಿತು,
ಒಂದು ಕೊಂಬೆ ಅರ್ಧಕ್ಕೇ ಇಲ್ಲ.
ಬಲೂನು ಉಬ್ಬಿತು, ಜಾಲರಿ ಅರಳಿತು,
ಇಲ್ಲದ ಕೊಂಬೆ ತುದಿಯವರೆಗೂ ಬಂತು.
ಅಳತೆ ಎಷ್ಟು, ಅಂತ ಮಲಗಿದಲ್ಲೇ ಕೇಳಿದೆ.
ಮೂರು ಮಿಲಿಮೀಟರ್ ಅಂತೆ.
ನನ್ನ ವ್ಯಾನಿನಲ್ಲಿ ಅಷ್ಟು ಸಣ್ಣ ಸಾಮಾನೇ ಇಲ್ಲ.

"ಒಂದು ಟೈಲು ಬದಲಿಸಿದ್ದೇವೆ ಅಷ್ಟೆ, ಗೋಡೆ ಹಳೆಯದೇ"
ಈಗ ನನ್ನ ಭಾಷೆಯಲ್ಲೇ ಹೇಳತೊಡಗಿದರು.
ಅದಕ್ಕೇ ಆಸ್ಪಿರಿನ್, ಅದಕ್ಕೇ ಸ್ಟ್ಯಾಟಿನ್,
ಅದಕ್ಕೇ ವರ್ಷವಿಡೀ ತಪ್ಪಿಸಬಾರದ ಇನ್ನೊಂದು ಗುಳಿಗೆ.
ಹೃದಯದ ತುದಿಯಲ್ಲಿ ನಾಣ್ಯದಷ್ಟು ಜಾಗ ಸತ್ತಿದೆ,
ಅದು ಮರಳುವುದಿಲ್ಲ.
ಇದನ್ನು ಹೇಳುವಾಗ ಅವರು ಕಿಟಕಿ ನೋಡುತ್ತಿದ್ದರು.
ಮೂಲೆಯ ನಲ್ಲಿ ತೊಟ್ಟಿಕ್ಕುತ್ತಿತ್ತು.
ವಾಷರು ಹೋಗಿದೆ, ಗುರುವಾರ ಬರುತ್ತೇನೆ ಅಂದೆ.
"ಆರು ವಾರ ಸ್ಪ್ಯಾನರ್ ಮುಟ್ಟಿದರೆ ನೋಡಿ!"

ಮನೆಯಲ್ಲಿ ಬೆಣ್ಣೆಯ ಡಬ್ಬಿಯಲ್ಲಿ ಗುಂಡಿಗಳು, ಸೂಜಿ, ದಾರ.
ಸೌನಾ ಮಾಡಿನ ಸಂದಿಯ ಸಿಗರೇಟು
ಐಲಾಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ.
ಬೆಳಿಗ್ಗೆ ಕೆರೆಯ ದಂಡೆಯ ಮೇಲೆ ನಡೆಯುತ್ತೇನೆ,
ಎದೆಯನ್ನು ಕೇಳಿಸಿಕೊಳ್ಳುತ್ತ,
ಸದ್ದಿಲ್ಲದ್ದಕ್ಕೆ ಹೆದರುತ್ತ.

ಮಗ ಆರ್ನಿಗೆ ಮೂವತ್ತೆಂಟು.
ರಕ್ತ ಪರೀಕ್ಷೆ ಮಾಡಿಸೋ ಅಂದೆ.
"ನನಗೇನಪ್ಪಾ, ಚೂರೂ ನೋವಿಲ್ಲ" ಅಂದ.

ಅದನ್ನೇ ಮಗನೇ ನಾನು ಹೇಳುತ್ತಿರುವುದು.