ಶಾಯಿ ಆರುವ ಹೊತ್ತು

ವಿದ್ಯಾನಗರದ ಲ್ಯಾಬಿನ ಮೂಲೆ ಮೇಜಿನ ಮೇಲೆ
ಬೆರಳುದ್ದದ ಒಂದು ಬಿಲ್ಲೆ.
ಎಪಾಕ್ಸಿ ಅಂಟಿನ ಹೊಟ್ಟೆಯೊಳಗೆ
ಸಾಸಿವೆಗಿಂತ ಸಣ್ಣ ಗಾಜಿನ ಕಾಳು,
ನೂರಕ್ಕೆ ಇಪ್ಪತ್ತು ಪಾಲು.
ಈ ಕಡೆಯಿಂದ ತಟ್ಟುತ್ತೇನೆ.
ಆ ಕಡೆಗೆ ಸುದ್ದಿ ಬರುತ್ತದೆ,
ತಡವಾಗಿ, ತುಸು ಬಾಲ ಹಚ್ಚಿಕೊಂಡು.

ನಡುವೆ ಏನಾಯಿತೆಂದು ಬರೆಯುವುದು ನನ್ನ ಕೆಲಸ,
ಮೂರು ವರ್ಷದಿಂದ.
ಅಲೆ ಬಂದು ಕಾಳಿಗೆ ಬಡಿಯುತ್ತದೆ, ಚೆದುರುತ್ತದೆ,
ಚೆದುರಿದ್ದು ಮತ್ತೊಂದು ಕಾಳಿಗೆ,
ಅಲ್ಲಿಂದ ಇನ್ನೊಂದಕ್ಕೆ,
ಹಳೇ ಬಸ್‌ಸ್ಟ್ಯಾಂಡಿನಲ್ಲಿ ಹುಟ್ಟಿದ ಮಾತು
ಸಂಜೆಯೊಳಗೆ ಉಣಕಲ್ ಮುಟ್ಟಿದ ಹಾಗೆ,
ಮೊದಲು ಆಡಿದವನಿಗೇ ಗುರುತು ಸಿಗದಷ್ಟು.

ಲೆಕ್ಕ ಸುರುಮಾಡಲು ಮೊದಲು ಸುಳ್ಳು ಹೇಳಬೇಕು.
ಕಾಳೆಲ್ಲ ಗುಂಡಗಿವೆ ಎಂದುಕೊಳ್ಳಿ.
ಒಂದರ ಹಾಗೆ ಇನ್ನೊಂದಿದೆ ಎಂದುಕೊಳ್ಳಿ.
ಒಂದರ ದನಿ ಇನ್ನೊಂದಕ್ಕೆ ಕೇಳುವುದಿಲ್ಲ ಎಂದುಕೊಳ್ಳಿ.
ಕಾಳಿಗೂ ಅಂಟಿಗೂ ನಡುವೆ ಕೂದಲೆಳೆ ಸಂದೂ ಇಲ್ಲ, ಹಾಗೆಂದುಕೊಳ್ಳಿ.
ಗೈಡ್ ಬೆಳವಟಿಗಿ ಸರ್ ಹೇಳುವುದಿಷ್ಟೇ:
"ಸುಳ್ಳು ಹೇಳ್ರಿ, ಆದ್ರ ಪುಟದ ಮೇಲ್ಗಡೆನ ಹೇಳ್ರಿ."

ಹೇಳಿದೆ, ನಾಲ್ಕೂ.
ಕಂಪ್ಯೂಟರು ಗೆರೆ ಎಳೆಯಿತು, ನುಣ್ಣಗೆ.
ಬಿಲ್ಲೆ ಒಪ್ಪಲಿಲ್ಲ.
ತಗ್ಗಿನ ಕಂಪನಗಳಲ್ಲಿ ಜೊತೆಗೇ ನಡೆದದ್ದು
ಮೇಲೇರಿದಂತೆ ನನ್ನ ಗೆರೆಯ ಕೈಬಿಟ್ಟು
ಲೆಕ್ಕಕ್ಕಿಂತ ಸಾವಕಾಶ, ಲೆಕ್ಕಕ್ಕಿಂತ ಸೋತು.

ಆ ಶನಿವಾರ ಧಾರವಾಡಕ್ಕೆ ಹೋದದ್ದು
ತಮ್ಮನ ತಬಲಾ ತರಲಿಕ್ಕೆ.
ಲೈನ್ ಬಜಾರಿನ ಹಿಂದಿನ ಓಣಿ,
ಮೂರು ಮೆಟ್ಟಿಲು ಇಳಿದರೆ ದಾವಲಬಿಯ ಅಂಗಡಿ.
"ಆಗಿಲ್ಲ ಯವ್ವಾ, ಕುಂಡ್ರು," ಎಂದಳು ಕತ್ತೆತ್ತದೆ.
ತೊಡೆಯ ಮೇಲೆ ತಬಲಾ, ಬಟ್ಟಲಲ್ಲಿ ಗಂಜಿಯಂಟು,
ಅದರೊಳಗೆ ಕಬ್ಬಿಣದ ಪುಡಿ.
ಬೆರಳಿನಿಂದ ಒಂದು ಪದರು.
ಆರುತ್ತಿರುವಾಗಲೇ ಕರಿಕಲ್ಲಿನಿಂದ ತೀಡು,
ಗಿರ್ರ್ ಗಿರ್ರ್,
ಮಲಗಿದ್ದ ಬೆಕ್ಕು ಬೇಸತ್ತು ಎದ್ದುಹೋಗುವವರೆಗೆ.
ಮತ್ತೊಂದು ಪದರು, ತುಸು ಸಣ್ಣ ವರ್ತುಲ.
ಮತ್ತೆ ಕಲ್ಲು.

ಅಂಟಿನಲ್ಲಿ ಕಾಳು.
ನನ್ನ ಬಿಲ್ಲೆಯ ಅಕ್ಕ ಇಲ್ಲಿ ಕೂತಿದ್ದಾಳೆ,
ಅರ್ಜಿ ಇಲ್ಲದೆ, ಅನುದಾನ ಇಲ್ಲದೆ.

"ಇಷ್ಟು ತಿಕ್ಕಿದ್ರ ಬಿರುಕು ಬಿಡಂಗಿಲ್ಲೇನ್ರಿ?"
"ಬಿಡ್ಲಿ ಅಂತನ ತಿಕ್ಕೂದು.
ಬಿರುಕಿಲ್ಲದ ಶಾಯಿ ಹಂಚಿನ ಚೂರು ಆಕ್ಕೈತಿ,
ತಕ್ ಅಂದು ಸತ್ತು ಬೀಳ್ತೈತಿ.
ಕಾಳ ಕಾಳಿಗೂ ತುಸು ಜಾಗಾ ಕೊಡಬೇಕು
ಅಲ್ಲಾಡಾಕ. ಉದುರೂವಷ್ಟಲ್ಲ ಮತ್ತ."

ಬಾಗಿಲ ಬೆಳಕಿಗೆ ಹಿಡಿದಳು.
ಕಪ್ಪಿನ ತುಂಬ ಸಣ್ಣ ಸಣ್ಣ ಗೆರೆಗಳ ಬಲೆ,
ಯುಗಾದಿ ಹೊತ್ತಿನ ಎರೆಹೊಲವನ್ನು
ಬೊಗಸೆಯಲ್ಲಿ ಎತ್ತಿಕೊಂಡ ಹಾಗೆ.
ಒಂದು ಬೆರಳಿಟ್ಟಳು.
ಗೂಡಿನಲ್ಲಿದ್ದ ಹಿತ್ತಾಳೆ ಚೊಂಬು
ಮೆಲ್ಲಗೆ ಉತ್ತರ ಕೊಟ್ಟಿತು.

ಚಿಗರಿ ಬಸ್ಸು ನವಲೂರು ದಾಟುವಾಗ
ಟಿಕೆಟ್ಟಿನ ಹಿಂದೆ ನಾಲ್ಕನೆಯ ಸುಳ್ಳು ಹೊಡೆದುಹಾಕಿ
ಕಾಳಿಗೂ ಅಂಟಿಗೂ ನಡುವೆ
ಕಾಣದ ಒಂದು ಸ್ಪ್ರಿಂಗು ಬರೆದೆ:
ಹಿಡಿದಿದೆ, ಪೂರ್ತಿ ಅಲ್ಲ;
ಬಿಟ್ಟಿದೆ, ಪೂರ್ತಿ ಅಲ್ಲ.
ಅದರ ಬಿಗಿ ಎಷ್ಟೋ ಗೊತ್ತಿಲ್ಲದೆ
ಸದ್ಯಕ್ಕೆ 'ದಾ' ಎಂದು ಹೆಸರಿಟ್ಟೆ.
ಸರ್ ಆಮೇಲೆ ಗ್ರೀಕ್ ಅಕ್ಷರ ಹಾಕಿಸಿದರು.

ಸೋಮವಾರ ಗೆರೆ ಬಾಗಿತು,
ಬಿಲ್ಲೆಯ ಪಕ್ಕಕ್ಕೆ ಬಂದು ನಡೆಯಿತು.
ತುದಿಯಲ್ಲಿ, ಎರಡು ಮೆಗಾಹರ್ಟ್ಸ್ ಆಚೆ, ಇನ್ನೂ ಜಗಳ.
ಅಲ್ಲಿ ಕಾಳುಗಳು ಒಂದರ ಮಾತು ಒಂದು
ಕದ್ದು ಕೇಳುತ್ತಿರಬೇಕು.
ಅದು ಮೂರನೆಯ ಸುಳ್ಳು. ಅದಕ್ಕೆ ಇನ್ನೊಂದು ವರ್ಷ.

ತಮ್ಮ ರಾತ್ರಿಯೇ ನುಡಿಸಲು ಕೂತ.
ಶಾಯಿ ಪೂರ್ತಿ ಆರಿರಲಿಲ್ಲ, ಬೆರಳಿಗೆ ಹತ್ತಿತು.
ಅದೇ ಬೆರಳಿನಿಂದ ನನ್ನ ಹಾಳೆ ತಿರುವಿದ.
ಏಳನೆಯ ಸಮೀಕರಣದ ಬದಿಯಲ್ಲಿ
ಈಗಲೂ ಇದೆ, ಒಂದು ಕಪ್ಪು ಚುಕ್ಕೆ,
ಸರಿಯಾಗಿ ಗುಂಡಗಿಲ್ಲ.